ಜ್ವರಕ್ಕೆ ಹೋದ ಕಿವಿ

ಟೈಲರಕ್ಕನಿಗೆ ಬದುಕಿನಲ್ಲಿ ಇದ್ದದ್ದು ಎರಡೇ ಆಸೆ. ಒಂದು, ತನ್ನ ಅಣ್ಣನ ಬಗ್ಗೆ ಹೊರಗಿನವರು ತನ್ನೆದುರು ಕೆಟ್ಟ ಮಾತಾಡಬಾರದು. ಇನ್ನೊಂದು, ಆ ಅಣ್ಣ ಎಂದೆಂದಿಗೂ ತನ್ನ ಮನೆಗೆ ಬರಬಾರದು. ಅವನು ಜೈಲಿನಲ್ಲಿ ಇರುವಷ್ಟು ಕಾಲ ಈ ಎರಡೂ ಆಸೆಗಳು ಜಗಳವಿಲ್ಲದ ನೆರೆಹೊರೆಯವರ ಹಾಗೆ ಅಕ್ಕಪಕ್ಕದಲ್ಲಿ ತೆಪ್ಪಗಿದ್ದವು. ಅವುಗಳ ಜುಟ್ಟಿಗೆ ಜುಟ್ಟು ಗಂಟುಹಾಕಿ ಬಿಟ್ಟವರು ಸಿನಿಮಾದವರು.

ಅಣ್ಣನೂ ಅಂತಿಂಥ ಅಣ್ಣನಲ್ಲ. ಹೆಂಡದಂಗಡಿಯ ಜಗಳವೊಂದರಲ್ಲಿ ಒಬ್ಬನ ಜೀವ ತೆಗೆದು ಒಳಗೆ ಹೋದವನು, ಒಳಗೆ ಹೋದ ಮೇಲಾದರೂ ಕೈ ಸುಮ್ಮನಿಟ್ಟುಕೊಂಡನೇ ಎಂದರೆ ಅದೂ ಇಲ್ಲ. ಜೊತೆಯ ಕೈದಿಗಳನ್ನು ಹೊಡೆದ, ಬಿಡಿಸಲು ಬಂದ ವಾರ್ಡರುಗಳನ್ನು ಹೊಡೆದ. ಒಮ್ಮೆ ಬಾಗಿಲಿನ ಬೀಗವನ್ನೇ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡು ಒಂದಿಡೀ ಸಾಲಿನ ಕೋಣೆಗಳಿಗೆ ಹಗಲೆಲ್ಲ ತಾನೇ ರಾಜನಾಗಿ ಕೂತ. ಅಂದಿನಿಂದ ಪತ್ರಿಕೆಗಳಲ್ಲಿ ಅವನ ಹೆಸರು ‘ಬೀಗ’ ಎಂದಾಯಿತು. ಒಂಟಿ ಕೋಣೆಯಲ್ಲಿ ವರ್ಷಗಟ್ಟಲೆ ಕೂತ, ಆ ಕೋಣೆಯಿಂದ ಹೊರಗೆ ಬಿಟ್ಟಾಗಲೆಲ್ಲ ಮತ್ತೆ ಹೊಡೆದ, ಶಿಕ್ಷೆಯ ಮೇಲೆ ಶಿಕ್ಷೆ ಬಿದ್ದು ಕಡೆಗೆ ಅದಕ್ಕೊಂದು ತುದಿಯೇ ಇಲ್ಲದಂತಾಯಿತು.

“ಊರಿಗೆಲ್ಲ ಬೀಗ, ನನಗೊಬ್ಬನಿಗೆ ಭಾವ,” ಎಂದು ಟೈಲರಕ್ಕನ ಗಂಡ ನಗುತ್ತಿದ್ದ. ಅವನು ಸಿಟಿ ಬಸ್ಸಿನ ಡ್ರೈವರು, ಒಳ್ಳೆಯ ಮನುಷ್ಯ. ಮದುವೆಯಾಗುವ ಹೊತ್ತಿಗೆ ಭಾವ ಒಳಗಿದ್ದುದರಿಂದ ಅವನ ಮುಖವನ್ನು ಈತ ಪತ್ರಿಕೆಯಲ್ಲಿ ನೋಡಿದ್ದಷ್ಟೆ. ಕಾಣದ ಭಾವನ ಬಗ್ಗೆ ಧಾರಾಳವಾಗಿರಲು ಖರ್ಚೇನೂ ಇಲ್ಲವಲ್ಲ.

ಆ ಭಾವನ ಕಥೆಯನ್ನೇ ಸಿನಿಮಾ ಮಾಡುತ್ತಾರೆ ಎಂಬ ಸುದ್ದಿ ಬಂದ ಕೆಲವೇ ದಿನಗಳಲ್ಲಿ ಒಂದು ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ಒಬ್ಬ ಆಳು ಬಂದು ನಿಂತ. ಅಂಗಡಿಯೆಂದರೆ ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಒರಗಿಸಿದ ಉದ್ದ ಕನ್ನಡಿ. ಹೊಸ ಬಟ್ಟೆ ಹೊಲಿಸುವವರ ಕಾಲ ಮುಗಿದಿತ್ತು. ಈಗೇನಿದ್ದರೂ ರೆಡಿಮೇಡ್ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ದಪ್ಪಗಾದವರಿಗೆ ಸೊಂಟ ಬಿಡಿಸಿ ಕೊಡುವುದು. ಟೈಲರಕ್ಕ ತಲೆಯೆತ್ತಿ ನೋಡಿದರೆ ಬೋಳುತಲೆ, ಗೂಳಿಯಂಥ ಕತ್ತು, ಬಾಗಿಲು ತುಂಬುವ ಭುಜ. ಅಣ್ಣ ತಪ್ಪಿಸಿಕೊಂಡು ಬಂದನೆಂದೇ ತಿಳಿದಳು.

“ಹೆದರ್ಕೋಬೇಡಿ ಅಕ್ಕಾ, ನಾನು ಅವರಲ್ಲ. ಅವರ ಪಾತ್ರ ಮಾಡ್ತಿರೋನು.”

“ಪಾತ್ರ ಮಾಡೋರು ಹೀಗೆ ಬಾಗಿಲಿಗೆ ಅಡ್ಡ ನಿಂತ್ರೆ ಗಿರಾಕಿ ಎಲ್ಲಿಂದ ಬರ್ಬೇಕು? ಒಳಗೆ ಬನ್ನಿ,” ಎಂದಳು.

ಆಮೇಲೆ ನಟ ದಿನಾ ಬರತೊಡಗಿದ. ಸ್ಟೂಲಿನ ಮೇಲೆ ಕೂತು, ಮೈ ಬೆಳೆಸಬೇಕೆಂಬ ಹಟಕ್ಕೆ ಡಬ್ಬಿಯ ತುಂಬ ತಂದ ಬೇಯಿಸಿದ ಮೊಟ್ಟೆಗಳನ್ನು ಔಷಧಿ ನುಂಗುವವನಂತೆ ಮುಖ ಕಿವುಚಿ ತಿನ್ನುತ್ತಿದ್ದ. ಅವನಿಗೆ ಬೇಕಾದದ್ದು ಅಣ್ಣನ ನಡಿಗೆ, ಅಣ್ಣ ಕೂರುವ ರೀತಿ, ನಗುವಾಗ ಬಾಯಿ ಯಾವ ಕಡೆಗೆ ಓರೆಯಾಗುತ್ತದೆ ಎಂಬಂಥವು. “ಹೊಡೆದಿದ್ದನ್ನೆಲ್ಲ ಜೈಲಿನವರು ಹೇಳಿದ್ದಾರೆ ಅಕ್ಕಾ,” ಎನ್ನುತ್ತಿದ್ದ. “ಹೊಡೆಯದೇ ಇದ್ದ ದಿನಗಳದ್ದು ನೀವು ಹೇಳಿ.”

ಮನೆ ಮಾತು ಹೊಸ್ತಿಲು ದಾಟಬಾರದು ಎನ್ನುವುದು ಅವಳ ಅಮ್ಮ ಬಿಟ್ಟುಹೋದ ಏಕೈಕ ಆಸ್ತಿ. ಆ ಆಸ್ತಿಯನ್ನು ಮಗಳು ಜತನದಿಂದ ಕಾಪಾಡಿಕೊಂಡು ಬಂದಿದ್ದಳು. ಹಾಗಾಗಿ ನಟನಿಗೆ ಸಿಕ್ಕಿದ್ದೆಲ್ಲ ಸಿಹಿ. ಅಣ್ಣ ಬೀದಿನಾಯಿಗೆ ತನ್ನ ತಟ್ಟೆಯ ಊಟ ಹಾಕುತ್ತಿದ್ದದ್ದು, ಅದು ನಿಜ. ತಂಗಿಗೆ ಈಜು ಕಲಿಸಿದ್ದು, ಅದು ಅರ್ಧ ನಿಜ. ನೀರಿಗೆ ತಳ್ಳಿದ್ದ, ಇವಳು ಹೇಗೋ ಕಲಿತಳು. ಅಮ್ಮನಿಗೆ ಕಾಯಿಲೆಯಾದಾಗ ಪಾತ್ರೆ ತೊಳೆದದ್ದು, ಅದು ಶುದ್ಧ ಕಟ್ಟುಕತೆ. ಹೇಳುತ್ತ ಹೇಳುತ್ತ ಅವಳಿಗೂ ಹಿತವೆನಿಸುತ್ತಿತ್ತು. ಇಂಥ ಅಣ್ಣನೊಬ್ಬ ಇದ್ದಿದ್ದರೆ ಯಾರಿಗೆ ಬೇಡ?

“ನೀವು ಯಾವಾಗ್ಲೂ ಬಲಗಿವೀನೇ ಈ ಕಡೆಗೆ ಕೊಡ್ತೀರಲ್ಲ ಅಕ್ಕಾ,” ಎಂದ ಒಂದು ದಿನ.

“ಎಡಗಿವಿ ಕೇಳ್ಸಲ್ಲ. ಚಿಕ್ಕವಳಿದ್ದಾಗ ಜ್ವರ ಬಂದು ಹೋಯ್ತು.”

ಈ ಮಾತನ್ನು ಅವಳು ಎಷ್ಟು ಜನಕ್ಕೆ ಹೇಳಿದ್ದಳೋ ಲೆಕ್ಕವಿಲ್ಲ. ಶಾಲೆಯ ಮೇಷ್ಟ್ರಿಗೆ, ಗೆಳತಿಯರಿಗೆ, ಗಂಡನಿಗೆ, ಮಗಳಿಗೆ. ಎಲ್ಲರೂ ಅಯ್ಯೋ ಪಾಪ ಎಂದು ಸುಮ್ಮನಾಗುತ್ತಿದ್ದರು. ಈ ಪುಣ್ಯಾತ್ಮ ಸುಮ್ಮನಾಗಲಿಲ್ಲ.

“ಆಸ್ಪತ್ರೆಗೆ ಯಾರು ಕರ್ಕೊಂಡು ಹೋದ್ರು?”

ಹೊಲಿಗೆಯ ತುದಿಯಲ್ಲಿ ಗಂಟು ಹಾಕದಿದ್ದರೆ ಪೂರ್ತಿ ಬಿಚ್ಚಿಕೊಂಡು ಬರುತ್ತದೆ. ಅವಳು ಗಂಟು ಹಾಕಿದಳು, ಅಷ್ಟೆ. “ಅಣ್ಣನೇ. ಎತ್ಕೊಂಡು ಓಡಿದ.”

ನಟ ಮೊಟ್ಟೆ ತಿನ್ನುವುದನ್ನು ನಿಲ್ಲಿಸಿದ. ಕಣ್ಣು ಒದ್ದೆಯಾಗಿತ್ತು. “ಬರಿಗಾಲಲ್ಲಾ?”

“ಹೂಂ. ಬರಿಗಾಲಲ್ಲೇ.”

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಹೋದ ಮಾತು ಎಲ್ಲಿಗೆ ಹೋಗಿ ಏನಾಗಿ ತಿರುಗಿ ಬರುತ್ತದೆ ಎಂದು ಆಗ ಅವಳು ಯೋಚಿಸಲಿಲ್ಲ.

ಅವನು ಬಂದ ಕೊನೆಯ ದಿನ ಇನ್ನೊಂದು ನಡೆಯಿತು. “ಅಕ್ಕಾ, ಒಂದ್ಸಲ ನೋಡಿ ಹೇಳಿ, ಸಿಟ್ಟು ಹೀಗೇ ಬರ್ತಿತ್ತಾ ಅಂತ,” ಎಂದು ಎದ್ದು, ಬೆನ್ನು ತಿರುಗಿಸಿ ನಿಂತ. ಒಂದೆರಡು ಸಲ ಮೂಗಿನಿಂದ ಉಸಿರು ಬಿಟ್ಟ. ತಟ್ಟನೆ ತಿರುಗಿ ಕೈಯೆತ್ತಿದ. ಅಷ್ಟೇ. ಕತ್ತರಿ ನೆಲಕ್ಕೆ ಬಿತ್ತು. ಟೈಲರಕ್ಕ ಮೇಜಿನ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದಳು, ಎರಡೂ ಕೈಗಳಿಂದ ಎಡಗಿವಿ ಮುಚ್ಚಿಕೊಂಡು. ಹೇಗೆ ಅಲ್ಲಿಗೆ ಹೋದಳೋ ಅವಳಿಗೇ ಗೊತ್ತಿಲ್ಲ.

ಹಿಂದೆ ನಡೆದದ್ದು ಇಷ್ಟು. ಅವಳಿಗಾಗ ಹನ್ನೆರಡಿರಬಹುದು. ಅಣ್ಣ ಯಾರದೋ ಜೊತೆ ಏನೋ ರಗಳೆ ಮಾಡಿಕೊಂಡು ಒಳಗಿನ ಕೋಣೆಯಲ್ಲಿ ಅಡಗಿದ್ದ. ಬಾಗಿಲು ಬಡಿದವರು “ನಿಮ್ಮಣ್ಣ ಇದ್ದಾನೇನಮ್ಮ?” ಎಂದು ನಯವಾಗಿ ಕೇಳಿದರು. ಇವಳು “ಇದ್ದಾನೆ, ಒಳಗೆ ಮಲಗಿದ್ದಾನೆ,” ಎಂದಳು. ಅವರು ಒಳಗೆ ನುಗ್ಗಿ ಅವನನ್ನು ಹಣ್ಣುಗಾಯಿ ನೀರುಗಾಯಿ ಮಾಡಿ ಹೋದರು. ಅವರು ಹೋದ ಮೇಲೆ ಅಣ್ಣ ಮುಖದ ರಕ್ತ ಒರೆಸಿಕೊಂಡು ಬಂದು ಇವಳಿಗೆ ಕೊಟ್ಟದ್ದು ಒಂದೇ ಏಟು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುವ ಗಾದೆಯಿದೆಯಲ್ಲ, ಇವಳ ಪಾಲಿಗೆ ಅದು ಕಿವಿಗೆ ಬಿತ್ತು. ಅಣ್ಣ ಮನೆ ಬಿಟ್ಟು ಹೋಗಿ ವಾರಗಟ್ಟಲೆ ಬರಲಿಲ್ಲ. ಕಿವಿಯಿಂದ ನೀರು ಸುರಿಯತೊಡಗಿದ ಮೇಲೆ ಅಮ್ಮ ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. “ಏನಾಯ್ತು?” ಎಂದು ಡಾಕ್ಟರು ಕೇಳಿದಾಗ ಅಮ್ಮ ಇವಳ ತೊಡೆ ಚಿವುಟಿ, “ಜ್ವರ ಬಂದಿತ್ತು ಡಾಕ್ಟ್ರೇ,” ಎಂದಳು. ಅಂದಿನಿಂದ ಹೊರಗಿನವರು ಏನು ಕೇಳಿದರೂ ನಿಜ ಹೇಳಬಾರದು ಎನ್ನುವುದನ್ನು ಹುಡುಗಿ ಚೆನ್ನಾಗಿ ಕಲಿತಳು.

ಈಗ ನಟ ಅವಳೆದುರು ನೆಲದ ಮೇಲೆ ಕೂತಿದ್ದ. ಮೈಯ ಭಾಷೆ ಓದುವುದೇ ಅವನ ಕಸುಬು. ಅವಳ ಕೈ ಯಾವ ಕಿವಿಯ ಮೇಲಿದೆ ಎಂಬುದನ್ನು ಅವನು ನೋಡಿದ್ದ. “ಜ್ವರ ಅಂದ್ರಲ್ಲ ಅಕ್ಕಾ?”

“ಜ್ವರಾನೇ.”

“ಅಕ್ಕಾ...”

“ಜ್ವರಾನೇ ಅಂದ್ನಲ್ಲ. ಆ ಪ್ಯಾಂಟು ನಾಳೆ ಕೊಡ್ಬೇಕು, ನೀವಿನ್ನು ಹೊರಡಿ.”

ಅವನು ಡಬ್ಬಿ ಮುಚ್ಚಿಕೊಂಡು ಹೊರಟ. ಮತ್ತೆ ಬರಲಿಲ್ಲ.

ಸಿನಿಮಾ ಬಂತು. ನೋಡಲು ಗಟ್ಟಿ ಎದೆ ಬೇಕಾದಂಥ ಸಿನಿಮಾ. ಗೋಡೆಯ ಪಾಚಿ, ಉಗುರಿನ ಕೊಳೆ, ನೆಲಕ್ಕೆ ಬಿದ್ದ ಹಲ್ಲಿನ ಸದ್ದು, ಒಂಟಿ ಕೋಣೆಯಲ್ಲಿ ತನ್ನ ನೆರಳಿನ ಜೊತೆಯೇ ಗುದ್ದಾಡುವ ಮನುಷ್ಯ. ಒಂದೊಂದು ಏಟಿಗೂ ಥಿಯೇಟರಿನ ಜನ ಕುರ್ಚಿಯಲ್ಲಿ ಹಿಂದಕ್ಕೆ ಸರಿಯುತ್ತಿದ್ದರು. ಇನ್ನು ತಡೆಯಲಾರೆವು ಎನ್ನುವ ಹೊತ್ತಿಗೆ ಪರದೆಯ ಮೇಲೆ ಒಂದು ಬೀದಿ ಬಂತು. ಆ ಬೀದಿಯಲ್ಲಿ ಒಬ್ಬ ಹುಡುಗ ಜ್ವರದಿಂದ ಸುಡುವ ತಂಗಿಯನ್ನು ಎದೆಗವಚಿಕೊಂಡು ಓಡುತ್ತಿದ್ದ. ಬರಿಗಾಲು. ಕಾಲಿಗೆ ಗಾಜು ಚುಚ್ಚಿದರೂ ನಿಲ್ಲಲಿಲ್ಲ. ಗಾಜು ಯಾರ ಕೊಡುಗೆಯೋ, ಟೈಲರಕ್ಕನದಂತೂ ಅಲ್ಲ. ಇಡೀ ಥಿಯೇಟರು ಮೂಗೊರೆಸಿಕೊಂಡಿತು. ಪಕ್ಕದಲ್ಲಿ ಗಂಡ ಮಗುವಿನ ಹಾಗೆ ಬಿಕ್ಕುತ್ತಿದ್ದ. ಅವಳು ತನ್ನ ಕರ್ಚೀಫು ಕೊಟ್ಟಳು. ಕಾಲೇಜಿಗೆ ಹೋಗುವ ಮಗಳು ಕತ್ತಲೆಯಲ್ಲೇ ಅಮ್ಮನ ಕೈ ಹಿಡಿದು, “ಅಮ್ಮಾ, ಮಾಮ ಎಷ್ಟು ಒಳ್ಳೆಯವನು,” ಎಂದಳು. ಅಮ್ಮನಿಗೆ ಎದ್ದು ಓಡಿಹೋಗಬೇಕೆನಿಸಿತು. ನಾಚಿಕೆಯೋ ಭಯವೋ ಎಂದು ಕೇಳಿದರೆ ಎರಡೂ.

ಆಮೇಲೆ ಬೀದಿಯೇ ಬದಲಾಯಿತು. ‘ಬೀಗನ ತಂಗಿ’ ಎಂದು ಅಷ್ಟು ದೂರದಲ್ಲಿ ನಡೆಯುತ್ತಿದ್ದವರು ಈಗ ಅಂಗಡಿಗೇ ಬಂದು ಮಾತಾಡಿಸಿದರು. ಹುಡುಗರು ಎದೆಯ ಮೇಲೆ ಅಣ್ಣನ ವೇಷದ ನಟನ ಮುಖ ಅಚ್ಚಾದ ಟೀಶರ್ಟು ತಂದು, ಮೈಗೆ ಅಂಟಿ ನಿಲ್ಲುವ ಹಾಗೆ ಬಿಗಿ ಮಾಡಿಕೊಡಿ ಎಂದರು. ಅವಳು ಆ ಮುಖವನ್ನು ಒಳಮಗ್ಗುಲಿಗೆ ತಿರುಗಿಸಿಕೊಂಡು ಹೊಲಿದಳು. ಟೀವಿಯಲ್ಲಿ ದೊಡ್ಡ ದೊಡ್ಡವರು ಕೂತು, ವ್ಯವಸ್ಥೆ ಒಬ್ಬ ಮನುಷ್ಯನನ್ನು ಮೃಗ ಮಾಡಿತು ಎಂದು ಸಿಟ್ಟಾದರು. ಗೋಡೆಗಳ ಮೇಲೆ ಬರಹ ಕಾಣಿಸಿಕೊಂಡಿತು: ತಂಗಿಯನ್ನು ಹೊತ್ತು ಓಡಿದ ಕೈಗಳಿಗೆ ಇನ್ನೆಷ್ಟು ದಿನ ಬೇಡಿ? ಅವನನ್ನು ಬಿಡಿ ಎಂದು ಜನ ಜೈಲಿನ ಮುಂದೆ ಕೂತರು.

ಕಡೆಗೆ ಜೈಲಿನ ಕಲ್ಯಾಣಾಧಿಕಾರಿ ಮನೆಗೇ ಬಂದಳು. ನಡುವಯಸ್ಸಿನ ಹೆಂಗಸು, ಮೃದು ಮಾತಿನವಳು. ಚಹಾ ಕುಡಿಯುತ್ತ ಮನೆಯ ಉದ್ದಗಲ ಕಣ್ಣಲ್ಲೇ ಅಳೆದಳು. “ಮೇಲಿನವರು ಬಿಡೋಕೆ ಒಪ್ಪಿದ್ದಾರೆ. ಆದ್ರೆ ಸುಮ್ನೆ ಬೀದಿಗೆ ಬಿಡೋಕಾಗಲ್ಲ. ರಕ್ತಸಂಬಂಧ ಅಂತ ಇರೋದು ನೀವೊಬ್ರೇ. ನೀವು ಮನೇಲಿ ಇಟ್ಕೊಳ್ತೀನಿ ಅಂದ್ರೆ ಬಿಡುಗಡೆ. ಇಲ್ಲಾಂದ್ರೆ ಇಲ್ಲ.”

“ಅದನ್ನೂ ಕೇಳ್ಬೇಕಾ ಮೇಡಂ?” ಎಂದ ಗಂಡ. “ಹಾಲಲ್ಲಿ ಮಂಚ ಹಾಕಿದ್ರಾಯ್ತು.”

“ನನ್ನ ರೂಮ್ ಕೊಡ್ತೀನಿ,” ಎಂದಳು ಮಗಳು.

ಎಲ್ಲರೂ ಟೈಲರಕ್ಕನ ಕಡೆ ನೋಡಿದರು. “ಯೋಚ್ನೆ ಮಾಡಿ ಹೇಳ್ತೀನಿ,” ಎಂದಳು. ಗಂಡ ಮೂಗಿನ ಮೇಲೆ ಬೆರಳಿಟ್ಟ. ಯೋಚನೆ ಮಾಡುವುದೇನಿದೆ, ನಿನಗಾಗಿ ಗಾಜಿನ ಮೇಲೆ ಓಡಿದವನು ಎಂದ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಗತಿಯಾಯಿತು ಅವಳದು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವನಿಗೆ ಜ್ವರ ಎಂದು ಹೇಳಿಕೊಂಡು ಬಂದಿದ್ದಾಳೆ. ಈಗ ಅದು ಸುಳ್ಳು ಎಂದರೆ ಮಿಕ್ಕಿದ್ದರಲ್ಲಿ ನಿಜ ಯಾವುದು ಎಂದು ಅವನು ಕೇಳುವುದಿಲ್ಲವೇ?

ಅವಳ ಭಯ ತನ್ನ ಬಗ್ಗೆಯಾಗಿದ್ದರೆ ಹೇಗೋ ಸಹಿಸಿಬಿಡುತ್ತಿದ್ದಳು. ಭಯವಿದ್ದದ್ದು ಮಗಳ ಬಗ್ಗೆ. ಅವಳು ಯಾರು ಏನು ಕೇಳಿದರೂ ಕಂಡದ್ದನ್ನು ಕಂಡ ಹಾಗೆ ಹೇಳಿಬಿಡುವ ಹುಡುಗಿ. ಟೀವಿಯ ಸದ್ದು ಜಾಸ್ತಿಯಾಯಿತು ಎಂದೋ, ಮಾಮ, ನೀನು ಮಾಡಿದ್ದು ತಪ್ಪು ಎಂದೋ ಅಂದೇ ಅನ್ನುತ್ತಾಳೆ. ಆಗ ಅವನು ಮೂಗಿನಿಂದ ಉಸಿರು ಬಿಟ್ಟರೆ?

ದಾರಿ ಕಾಣದೆ ಅವಳು ನಟನನ್ನು ಹುಡುಕಿಕೊಂಡು ಹೋದಳು. ಅವನು ಬೇರೊಂದು ಸಿನಿಮಾದ ಶೂಟಿಂಗಿನಲ್ಲಿದ್ದ. ತಲೆಯಲ್ಲಿ ಕೂದಲು ಬಂದಿತ್ತು, ಕತ್ತು ಕರಗಿತ್ತು. ಈ ಸಿನಿಮಾದಲ್ಲಿ ಅವನು ಯಾರೋ ಹಾಡು ಕಲಿಸುವ ಮೇಷ್ಟ್ರಂತೆ. ಗುರುತು ಸಿಗಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಅವನು ಎದ್ದು ನಿಂತು, ತನ್ನ ಕುರ್ಚಿಯನ್ನೇ ಕೊಟ್ಟು, ಅವಳ ಬಲಗಡೆಗೆ ಬಂದು ಕೂತ.

“ನಿಮಗೆ ಗೊತ್ತಿತ್ತು,” ಎಂದಳು. “ಗೊತ್ತಿದ್ದೂ ಯಾಕೆ ಹಾಗೆ ತೋರಿಸಿದ್ರಿ?”

“ಡೈರೆಕ್ಟರಿಗೆ ಹೇಳ್ದೆ ಅಕ್ಕಾ. ಅವತ್ತೇ ಹೋಗಿ ಹೇಳ್ದೆ. ಬರೀ ರಕ್ತ ಇದ್ರೆ ಜನ ಅರ್ಧಕ್ಕೇ ಎದ್ದು ಹೋಗ್ತಾರೆ, ಉಸಿರಾಡೋಕೆ ಒಂದು ಕಿಟಕಿ ಬೇಕು ಅಂದ್ರು. ತಂಗಿನೇ ಬಾಯಾರೆ ಹೇಳಿದಾಳಲ್ಲ, ನಿಂದೇನು ಮಧ್ಯ ಅಂದ್ರು.”

“ಈಗ ನೀವೇ ಟೀವೀಲಿ ಹೇಳಿ. ಅದು ಸುಳ್ಳು ಅಂತ.”

“ನಾನು ಹೇಳಿದ್ರೆ ಯಾರೋ ನಟ ಏನೋ ಹೇಳ್ದ ಅಂತಾರೆ. ಮತ್ತೆ... ನಿಮಗೆ ಸುಳ್ಳು ಹೇಳಲ್ಲ. ನನಗೆ ಧೈರ್ಯ ಇಲ್ಲ ಅಕ್ಕಾ. ಆ ಸೀನಿಂದ ನನಗೆ ಹೆಸರು ಬಂತು. ಹೇಳಿದ್ದು ನೀವು. ಆ ಸುಳ್ಳು ಬಿಚ್ಚೋಕೆ ಆಗೋದೂ ನಿಮ್ಮಿಂದ್ಲೇ,” ಎಂದ.

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅಂಥ ಕೈ ತಮ್ಮ ವಂಶದಲ್ಲಿ ಒಂದು ಸಾಕು ಎಂದು ಸುಮ್ಮನೆ ಎದ್ದು ಬಂದಳು. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಸಿಟ್ಟು ಬಂದದ್ದೂ ಅದಕ್ಕೇ.

ಅಧಿಕಾರಿ ಗೊತ್ತು ಮಾಡಿದ ದಿನ ಮೂವರೂ ಜೈಲಿಗೆ ಹೋದರು. ಮಾತುಕತೆಗೆ ತಂಗಿಯೊಬ್ಬಳಿಗೇ ಪ್ರವೇಶ. ಗಂಡ, ಮಗಳು ಗೇಟಿನ ಹೊರಗೆ ಭೇಟಿಗೆ ಬಂದವರ ಸಾಲಿನ ಪಕ್ಕ ನಿಂತರು. ಒಳಗೆ ಅಧಿಕಾರಿಯ ಕೋಣೆ. ಒಂದು ಮೇಜು, ಮೂರು ಕುರ್ಚಿ, ಬಾಗಿಲಲ್ಲಿ ಒಬ್ಬ ವಾರ್ಡರು. ಟೈಲರಕ್ಕ ಯಾವಾಗಿನ ಹಾಗೆ ಬಲಗಿವಿ ಎದುರು ಕುರ್ಚಿಯ ಕಡೆ ಬರುವಂತೆ ಕೂತಳು.

ಅಣ್ಣನನ್ನು ಕರೆತಂದರು. ಅವಳು ಅವನನ್ನು ಅಮ್ಮ ಸತ್ತಾಗ ಒಮ್ಮೆ ತಂತಿಬಲೆಯ ಆಚೆಯಿಂದ ನೋಡಿದ್ದಷ್ಟೆ. ಆ ಬೆಟ್ಟದಂಥ ಆಳು ಈಗ ಮಣ್ಣು ಕುಸಿದ ದಿಬ್ಬದ ಹಾಗಿದ್ದ. ಹುಬ್ಬು ನೆರೆತಿತ್ತು, ಬೆರಳ ಗೆಣ್ಣುಗಳು ಮುರಿದು ಕೂಡಿ ಅಡ್ಡಾದಿಡ್ಡಿಯಾಗಿದ್ದವು.

“ಪುಟ್ಟೀ,” ಎಂದ. ಆ ಹೆಸರಿನಿಂದ ಕರೆಯುವವರು ಇನ್ನಾರೂ ಬದುಕಿರಲಿಲ್ಲ.

“ಹೇಗಿದ್ದೀಯಣ್ಣ?”

“ಸಿನಿಮಾ ನಮಗೂ ತೋರಿಸಿದ್ರು. ಹೊಡೆದಾಟ ಎಲ್ಲ ಕತ್ತರಿಸಿ ತೋರಿಸಿದ್ರು, ಇಲ್ಲಿರೋರು ಕೆಟ್ಟು ಹೋಗ್ತಾರಂತೆ. ಅದನ್ನ ತೆಗೆದ್ಮೇಲೆ ನನ್ನ ಜೀವನದಲ್ಲಿ ಇನ್ನೇನು ಉಳೀತು? ನಿನ್ನ ಎತ್ಕೊಂಡು ಓಡಿದ್ದೊಂದೇ.” ಅಧಿಕಾರಿ ನಗು ಮರೆಸಲು ಬಾಯಿಗೆ ಕೈ ಅಡ್ಡ ಹಿಡಿದಳು. “ಈಗ ಒಳಗೆ ನನ್ನ ಹೆಸರು ಆಂಬುಲೆನ್ಸು. ನೆಗಡಿ ಬಂದೋನೂ ಬಂದು, ಅಣ್ಣಾ ಎತ್ಕೊಂಡು ಓಡು ಅಂತಾನೆ.”

“ನೀನೇನು ಮಾಡ್ದೆ?” ಎಂದಳು.

“ಏನೂ ಮಾಡ್ಲಿಲ್ಲ. ಮೇಡಮ್ಮನ್ನೇ ಕೇಳು.”

ಅಧಿಕಾರಿ ಹೌದೆಂದು ತಲೆಯಾಡಿಸಿದಳು.

“ನಾನು ಎಲ್ಲರಿಗೂ ಹೇಳ್ದೆ ಪುಟ್ಟಿ. ಇವ್ರಿಗೂ ಹೇಳ್ದೆ. ಅದು ಸುಳ್ಳು, ನಾನು ಎತ್ಕೊಂಡು ಓಡಿಲ್ಲ, ಹೊಡೆದೆ, ನನ್ನ ಏಟಿಗೇ ಅವಳ ಕಿವಿ ಹೋಗಿದ್ದು ಅಂತ. ಒಬ್ರೂ ನಂಬಲ್ಲ. ಸಿನಿಮಾದಲ್ಲೇ ಇದೆಯಲ್ಲ ಅಂತಾರೆ. ಹುಟ್ಟಿದಾಗಿನಿಂದ ಒಂದು ನಿಜ ಹೇಳಿದೀನಿ, ಅದೂ ದಂಡ.”

“ದೊಡ್ಡಸ್ತಿಕೆ ಬೇಡ ಅಂತ ಹಾಗಂತಾರೆ ಅಂದ್ಕೊಂಡಿದ್ದೆ,” ಎಂದಳು ಅಧಿಕಾರಿ. ಅವಳ ಮುಖದ ನಗು ನಿಧಾನಕ್ಕೆ ಆರಿತು. “ನಿಜಾನಾ ಇದು?”

ಟೈಲರಕ್ಕನಿಗೆ ಅಳು ಹೊರಟಿತು. ತೊಡೆ ಚಿವುಟಿಸಿಕೊಂಡ ಆ ದಿನದಿಂದ ಇವತ್ತಿನವರೆಗೆ, ಹೌದು, ನಿನಗೆ ಹೀಗೆ ಆಯಿತು ಎಂದು ಬಾಯಿಬಿಟ್ಟು ಹೇಳಿದವರು ಲೋಕದಲ್ಲಿ ಒಬ್ಬರೂ ಇರಲಿಲ್ಲ. ಹೇಳಿದವನು ಹೊಡೆದವನೇ. ಎಂಥ ವಿಚಿತ್ರವೆಂದರೆ, ಅವಳಿಗೆ ಅವನ ಮೇಲೆ ಕರುಳು ಕಿತ್ತು ಬರುವಂಥ ಪ್ರೀತಿ ಉಕ್ಕಿತು. ಒಂಟಿ ಕೋಣೆಗಳು, ಮುರಿದ ಬೆರಳುಗಳು, ಈ ಬಿಳಿ ಹುಬ್ಬು. ಇವನನ್ನು ಬಿಟ್ಟರೆ ತನಗೆ ಹುಟ್ಟಿದ ಮನೆ ಎಂದು ಇನ್ನಾರಿದ್ದಾರೆ? ಮನೆಗೆ ಹೋಗೋಣ ಬಾ ಅಣ್ಣ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

“ಅಳ್ಬೇಡ, ಅಳ್ಬೇಡ,” ಎಂದ ಅಣ್ಣ. ಅವನ ಕಣ್ಣೂ ತುಂಬಿತ್ತು. “ಯಾವ ಕಿವಿ ಅದು? ಇದಲ್ವಾ?” ಎನ್ನುತ್ತ ಮೇಜಿನ ಮೇಲಿಂದ ಕೈ ಚಾಚಿದ. ಆ ದೊಡ್ಡ ಕೈ ಸವರಲೆಂದು ಬರುತ್ತಿದ್ದದ್ದು ಅವಳ ಬಲಗಿವಿಯ ಕಡೆಗೆ.

ಅವಳ ಕುರ್ಚಿ ಕಿರ್ರೆಂದು ಹಿಂದಕ್ಕೆ ಸರಿಯಿತು. ಅಳು ನಿಂತುಹೋಯಿತು. ಊರಿಗೆಲ್ಲ ಹೇಳಿಕೊಂಡು ಬಂದವನಿಗೆ ತಾನು ಹೊಡೆದದ್ದು ನೆನಪಿತ್ತು. ಏಟು ಎಲ್ಲಿ ಬಿತ್ತು ಎಂಬುದು ನೆನಪಿರಲಿಲ್ಲ. ಅದನ್ನು ನೆನಪಿಡುವ ಕೆಲಸ ಅವಳೊಬ್ಬಳಿಗೇ ಬಂದಿತ್ತು. ಗುರುತಿಲ್ಲದ ಒಬ್ಬ ನಟ ಒಂದು ಕ್ಷಣದಲ್ಲಿ ಕಂಡುಕೊಂಡದ್ದನ್ನು ಒಡಹುಟ್ಟಿದವನು ಒಮ್ಮೆಯೂ ವಿಚಾರಿಸಿರಲಿಲ್ಲ.

“ಇದಲ್ಲ ಅಣ್ಣ,” ಎಂದಳು. “ಇದು ಉಳಿದಿರೋದು.”

ಅವನ ಕೈ ಗಾಳಿಯಲ್ಲೇ ನಿಂತಿತು.

ಅವಳು ಅಧಿಕಾರಿಯ ಕಡೆ ತಿರುಗಿದಳು. “ಅವನು ಹೇಳಿದ್ದು ನಿಜ ಮೇಡಂ. ಜ್ವರಾನೂ ಇಲ್ಲ, ಗಾಜೂ ಇಲ್ಲ. ಸಿನಿಮಾದವರಿಗೆ ನಾನೇ ಸುಳ್ಳು ಹೇಳ್ದೆ. ನಾನು ಇವನನ್ನ ಮನೆಗೆ ಕರ್ಕೊಂಡು ಹೋಗಲ್ಲ.”

“ಹಾಗಂದ್ರೆ ಬಿಡುಗಡೆ ಆಗಲ್ಲ. ಗೊತ್ತಲ್ಲ?”

“ಗೊತ್ತು.”

ಮೇಜಿನ ಮೇಲೆ ಅಣ್ಣನ ಕೈ ಮುಷ್ಟಿಯಾಯಿತು. ಮೂಗಿನಿಂದ ಉಸಿರು ಹೊರಟಿತು. ಬಾಗಿಲಲ್ಲಿದ್ದ ವಾರ್ಡರು ಒಂದು ಹೆಜ್ಜೆ ಮುಂದೆ ಬಂದ. ಟೈಲರಕ್ಕನ ಮೈ ಮೇಜಿನ ಕೆಳಗೆ ಹೋಗಲು ಹವಣಿಸಿತು. ಅವಳು ಕುರ್ಚಿಯ ಅಂಚು ಹಿಡಿದು ಹಟದಿಂದ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಮುಷ್ಟಿ ಒಂದೊಂದೇ ಬೆರಳಾಗಿ ಬಿಚ್ಚಿಕೊಂಡಿತು.

“ಈಗ ನಾನು ಹೊಡೆಯಲ್ಲ ಪುಟ್ಟಿ,” ಎಂದ. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವವನ ಹಾಗೆ.

“ಹೊಡೆಯಲ್ಲ ಅಂತ್ಲೇ ಇಟ್ಕೋ. ನೀನು ಇವತ್ತು ಹೊಡೀಲಿಲ್ಲ, ಇವತ್ತೂ ಹೊಡೀಲಿಲ್ಲ ಅಂತ ದಿನಾ ಕಾಯ್ತಾ ಕೂರೋಕೆ ನನ್ನ ಕೈಲಾಗಲ್ಲ ಅಣ್ಣ. ಮನೇಲಿ ಮಗಳಿದ್ದಾಳೆ. ನನ್ನ ಥರಾನೇ ಇದ್ದಾಳೆ, ನಾನು ಮುಂಚೆ ಇದ್ದ ಥರ.”

ಅವನು ತಲೆ ತಗ್ಗಿಸಿದ. ಗಡಿಯಾರದ ಕಡೆ ನೋಡಿ ವಾರ್ಡರು ಕೆಮ್ಮಿದ. ಎದ್ದು ಹೊರಡುವಾಗ ಅಣ್ಣ ತಿರುಗಿ, “ಮತ್ತೆ ಬರ್ತೀಯಾ?” ಎಂದ.

“ಬರ್ತೀನಿ. ನೋಡ್ಕೊಂಡು ಹೋಗೋಕೆ ಬರ್ತೀನಿ. ಕರ್ಕೊಂಡು ಹೋಗೋಕಲ್ಲ.”

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ರಸ್ತೆಯಲ್ಲಿ ಲಾರಿಗಳ ಗದ್ದಲ. ಮಗಳು ಓಡಿ ಬಂದಳು. “ಅ‌ಮ್ಮಾ, ಮಾಮ ಯಾವಾಗ ಬರ್ತಾನೆ?”

“ಬರಲ್ಲ.”

“ಯಾಕೆ?” ಎಂದ ಗಂಡ.

ಒಂದು ಕಿವಿ ಕೇಳಿಸದವರಿಗೆ ಗದ್ದಲದಲ್ಲಿ ತಮ್ಮ ದನಿ ಎಷ್ಟಿದೆಯೆಂದು ತಿಳಿಯುವುದಿಲ್ಲ. ಅದಕ್ಕೇ ಅವಳು ಬೀದಿಯಲ್ಲಿ ಯಾವಾಗಲೂ ಪಿಸುಗುಟ್ಟುತ್ತಿದ್ದಳು. ಇವತ್ತು ಆ ಎಚ್ಚರ ಇರಲಿಲ್ಲ. ಬಾಗಿಲಿಗೆ ಬಂದವರು ಕೇಳಿದ್ದು, ತಾನು ಹೇಳಿದ್ದು, ಅಣ್ಣ ಹೊಡೆದದ್ದು, ಅಮ್ಮ ಚಿವುಟಿದ್ದು ಎಲ್ಲವನ್ನೂ ಗೇಟಿನೆದುರೇ ನಿಂತು ಹೇಳಿದಳು. ಭೇಟಿಗೆ ಸಾಲು ನಿಂತವರೆಲ್ಲ ತಿರುಗಿ ನೋಡಿದರು. ಅವರಲ್ಲಿ ಇಬ್ಬರು ಹುಡುಗರ ಎದೆಯ ಮೇಲೆ ಅಣ್ಣನ ಮುಖದ ಟೀಶರ್ಟಿತ್ತು.

“ಮೆಲ್ಲಗೆ ಮಾತಾಡೇ, ಜನ ಕೇಳಿಸ್ಕೋತಿದ್ದಾರೆ,” ಎಂದ ಗಂಡ.

“ಕೇಳಿಸ್ಕೊಳ್ಳಲಿ.”

ಮಗಳು ಅಮ್ಮನ ಎಡಗಡೆಗೆ ಬಂದು ನಿಂತು ತೋಳು ಹಿಡಿದುಕೊಂಡಳು. ಗಂಡ ಮಾತ್ರ ಇದ್ದಲ್ಲೇ ಇದ್ದ. ಅವನು ಕೂಗಾಡಿದ್ದರೆ ಅವಳಿಗೆ ಉತ್ತರವಿತ್ತು. ಅವನು ಕೂಗಾಡಲಿಲ್ಲ.

“ಅವತ್ತು ಥಿಯೇಟರಲ್ಲಿ ನಾನು ಅಷ್ಟು ಅತ್ನಲ್ಲ,” ಎಂದ ಸಣ್ಣ ದನಿಯಲ್ಲಿ. “ನೀನು ಪಕ್ಕದಲ್ಲೇ ಕೂತಿದ್ದೆ. ಕಣ್ಣೊರೆಸ್ಕೊ ಅಂತ ಕರ್ಚೀಫೂ ಕೊಟ್ಟೆ.”

ಲಾರಿಯೊಂದು ಹಾದುಹೋಯಿತು. ಆದರೂ ಅವಳಿಗೆ ಅಷ್ಟೂ ಕೇಳಿಸಿತ್ತು.

“ಹೂಂ,” ಎಂದಳು. “ಕೊಟ್ಟೆ.”